ಎರಿಭೂತಕ್ಕೆ ಹನ್ನೆರಡು ಸಾಕ್ಷಿ

ಸಾಕ್ಷಿ ಎಂದರೇನು ಎಂಬುದನ್ನು ಹುನಗುಂದ ತಾಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಇರಲಿಲ್ಲ. ಹೀಗೆ ಹೇಳುತ್ತಿದ್ದವನು ನಾನೊಬ್ಬನೇ. ಆದರೂ ನನಗೆ ಅದರಲ್ಲಿ ಸಂಶಯವಿರಲಿಲ್ಲ. ಬಾಗಲಕೋಟೆಯ ಕಾಲೇಜಿನಲ್ಲಿ ಮೂರು ವರ್ಷ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಮಾತಾಡಿ ನನಗೊಂದು ಚಟ ಅಂಟಿತ್ತು. ಯಾರು ಏನೇ ಹೇಳಲಿ, "ಆಧಾರ?" ಎಂದು ಕೇಳುವುದು. ಅವ್ವ "ಸಾರಿಗೆ ಉಪ್ಪ ಹಾಕೇನಿ" ಅಂದರೂ ಕೇಳುತ್ತಿದ್ದೆ. ಅವಳು ಸೌಟು ಎತ್ತುತ್ತಿದ್ದಳು. ಅದು ಆಧಾರವಲ್ಲ, ಬೆದರಿಕೆ ಎಂದು ನಾನು ಆಕ್ಷೇಪ ಎತ್ತುತ್ತಿದ್ದೆ.

ಅಪ್ಪನ ತಮ್ಮ ಗುರಪ್ಪ ಕಾಕಾ ಕನ್ನಡ ಸಾಲಿ ಮಾಸ್ತರಾಗಿ ನಿವೃತ್ತರಾದವರು. ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ ಒಂದು ಮಡ್ಡಿ ಸಿಗುತ್ತದೆ. ಮಡ್ಡಿ ಎಂದರೆ ಹುಲ್ಲಲ್ಲದೆ ಬೇರೇನೂ ಬೆಳೆಯದ, ಬಿತ್ತಲು ಯಾರೂ ಕೈಹಾಕದ ಗರಸು ನೆಲ. ಅಲ್ಲಿ ಪ್ರತಿ ಶ್ರಾವಣದಲ್ಲಿ ಎರಿಭೂತ ಬರುತ್ತದೆ ಎಂಬುದು ಕಾಕಾನ ಹೇಳಿಕೆ. ಹೆಸರು ಕೇಳಿ ಹೆದರಬೇಕಾಗಿಲ್ಲ, ಅದೊಂದು ಹಕ್ಕಿ. ಆಳಿನ ಸೊಂಟದ ಎತ್ತರ, ಕಂದು ಮೈ, ಬಿಳಿ ಕುತ್ತಿಗೆ, ತಲೆಯ ಮೇಲೆ ಕರಿ ಟೊಪ್ಪಿಗೆ. ನಮ್ಮ ಎರಿ, ಅಂದರೆ ಕರಿ ಮಣ್ಣಿನ, ಸೀಮೆಯಲ್ಲಿ ಹಿಂದೆ ಬೇಕಾದಷ್ಟು ಇದ್ದವಂತೆ. ಈಗ ಕಂಡವರಿಲ್ಲ, ಕಾಕಾ ಒಬ್ಬರನ್ನು ಬಿಟ್ಟು.

ಇಪ್ಪತ್ತು ವರ್ಷ ಅವರು ಅರಣ್ಯ ಇಲಾಖೆಗೆ ಕಾರ್ಡು ಬರೆದರು. ಯಾರೋ ಒಬ್ಬ ಪುಣ್ಯಾತ್ಮ ಸಾಹೇಬರು ಆ ಕಾರ್ಡುಗಳ ಕಾಟ ತಾಳಲಾರದೆ ಮಡ್ಡಿಯ ಸುತ್ತ ಮುಳ್ಳುತಂತಿ ಹಾಕಿಸಿ, "ಪಕ್ಷಿಗಳಿಗಾಗಿ ಕಾಯ್ದಿರಿಸಿದ ಪ್ರದೇಶ" ಎಂದು ತಗಡಿನ ಹಲಗೆ ನೆಡಿಸಿ, ವರ್ಗವಾಗಿ ಹೋದರು. ಹಲಗೆಗೆ ಪ್ರತಿ ಬೇಸಿಗೆಯಲ್ಲಿ ಕಾಕಾ ತಾವೇ ಹೋಗಿ ಬಣ್ಣ ಹಚ್ಚಿ, ಅಕ್ಷರ ತಿದ್ದಿ ಬರುತ್ತಿದ್ದರು. ಅಲ್ಪಪ್ರಾಣ ಮಹಾಪ್ರಾಣ ಒಂದೂ ತಪ್ಪಿರಲಿಲ್ಲ.

ಇನ್ನು ನನ್ನ ಕೊಡುಗೆ.

ಬಸವ ಜಯಂತಿಗೆ ಹುನಗುಂದದಲ್ಲಿ ಚರ್ಚಾಸ್ಪರ್ಧೆ ಇಟ್ಟಿದ್ದರು. ವಿಷಯ, ದೇಶದ ಪ್ರಗತಿಗೆ ಕಾಡಿಗಿಂತ ಕೈಗಾರಿಕೆ ಮುಖ್ಯ. ಪರ ಮಾತಾಡುವ ಪಾಳಿ ನನ್ನದು. ಉದಾಹರಣೆ ಬೇಕಾಗಿತ್ತು. ಮನೆಯಲ್ಲೇ ಇರುವಾಗ ಹೊರಗೆ ಹುಡುಕುವುದೇಕೆ?

"ಸಭಾಧ್ಯಕ್ಷರೇ," ಎಂದೆ, "ನಮ್ಮ ತಾಲೂಕಿನಲ್ಲಿ ಒಂದು ಹಕ್ಕಿಗಾಗಿ ಬೇಲಿ ಹಾಕಿದ್ದಾರೆ. ಬೇಲಿ ಇದೆ. ಹಲಗೆ ಇದೆ. ಹಕ್ಕಿ ಮಾತ್ರ ಇಲ್ಲ. ಅದನ್ನು ನೋಡಿದವರು ಜಗತ್ತಿನಲ್ಲಿ ಒಬ್ಬರೇ. ಅವರ ಕನ್ನಡಕದ ನಂಬರು ನನಗೆ ಗೊತ್ತು."

ಸಭೆ ನಕ್ಕು ನಕ್ಕು ಹಣ್ಣಾಯಿತು. ಮೊದಲ ಬಹುಮಾನ ಬಂತು. ಮೂರನೆಯ ಸಾಲಿನಲ್ಲಿ ಕಾಕಾ ಕೂತಿದ್ದರು. ನನ್ನ ಉಚ್ಚಾರ ಸ್ಪಷ್ಟವಾಗಿತ್ತು ಎಂದು ಮರುದಿನ ಹೇಳಿದರು.

ಮೊದಲನೆಯ ಸಾಲಿನಲ್ಲಿ ಮುಖ್ಯ ಅತಿಥಿಯಾಗಿ ಕೂತಿದ್ದವರು ಅರಣ್ಯ ಇಲಾಖೆಗೆ ಹೊಸದಾಗಿ ಬಂದ ಸಾಹೇಬರು. ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ಆ ಹೊತ್ತಿಗಾಗಲೇ ಇಳಕಲ್ಲಿನ ಸುತ್ತ ಕೆಂಪು ಕಲ್ಲಿನ ಕ್ವಾರಿಗಳು ಹುಟ್ಟಿಕೊಳ್ಳುತ್ತಿದ್ದವು. ಮಡ್ಡಿಯ ಅಡಿಗೂ ಅದೇ ಕಲ್ಲಿದೆ ಎಂದು ಯಾರೋ ಅರ್ಜಿ ಹಾಕಿದ್ದರು. ಎರಡು ತಿಂಗಳಿಗೆ ಕಾಕಾನ ಹೆಸರಿಗೆ ಕಾಗದ ಬಂತು. ದೀಪಾವಳಿಯೊಳಗೆ ಹಕ್ಕಿ ಇರುವುದಕ್ಕೆ ತಕ್ಕ ಆಧಾರ ಒದಗಿಸಬೇಕು, ತಪ್ಪಿದರೆ ಮಡ್ಡಿಯನ್ನು ಕಾಯ್ದಿರಿಸಿದ ಪಟ್ಟಿಯಿಂದ ತೆಗೆಯಲಾಗುವುದು.

ಆಧಾರ! ನನ್ನದೇ ಶಬ್ದ. ಸರಕಾರಿ ಮುದ್ರೆ ಒತ್ತಿಸಿಕೊಂಡು ಮನೆಗೆ ಬಂದಿತ್ತು.

ಕಾಕಾನ ಹೆಂಡತಿ, ನನ್ನ ಕಾಕು, ನನ್ನನ್ನು ಅಡಿಗೆಮನೆಗೆ ಕರೆದಳು. "ಬಾಯಿ ಮಾಡಿ ಗೆದ್ದಿ ಅಲ್ಲಪಾ ನೀ," ಎಂದಳು, ಹಿಟ್ಟು ನಾದುತ್ತಲೇ. "ಕಾಗದ ಬಂದಾಗಿಂದ ನಿಮ್ಮ ಕಾಕಾ ರೊಟ್ಟಿ ಮುರೀತಾರ, ಹಂಗ ಇಟ್ಟು ಏಳತಾರ. ಕೇಳಿದ್ರ ಹಸಿವಿಲ್ಲ ಅಂತಾರ. ಇದಕ್ಕೂ ಆಧಾರ ಬೇಕೇನು? ಗಂಗಾಳ ಅಲ್ಲೈತಿ, ನೋಡು."

ನೋಡಿದೆ. ತಾಟಿನಲ್ಲಿ ಮುರಿದ ರೊಟ್ಟಿ ಹಾಗೇ ಇತ್ತು. ಅಂಥ ಗಟ್ಟಿ ಆಧಾರವನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಫೋಟೋ ತಗದ ಕೊಡ್ತೇನಿ ಕಾಕು. ಒಂದ ದಿನದ ಕೆಲಸ."

ನನಗೆ ಹಕ್ಕಿಯ ಮೇಲೆ ಆಗಲೂ ನಂಬಿಕೆ ಇರಲಿಲ್ಲ. ಆದರೆ ನನ್ನ ಮೇಲಿತ್ತು.

ಹುನಗುಂದದ ಸ್ಟುಡಿಯೋದವನು ನನ್ನ ಗೆಳೆಯ. ಅವನ ಹಳೆಯ ಬಾಕ್ಸ್ ಕ್ಯಾಮೆರಾ ಇಸಿದುಕೊಂಡೆ. ಅವನೇ ರೋಲು ಹಾಕಿ ಪಾಠ ಹೇಳಿದ. "ಹನ್ನೆರಡ ಫೋಟೋ ಬರ್ತಾವ. ಹಿಂದ ಈ ಕೆಂಪು ಕಿಂಡಿ ಐತೆಲ್ಲ, ಇದರಾಗ ನಂಬರ ಕಾಣತೈತಿ. ಒಂದ ಹೊಡದಮ್ಯಾಗ ಬಾಜೂಕಿನ ಈ ಕಿವಿ ತಿರುವಿ ಮುಂದಿನ ನಂಬರ ತರಬೇಕು. ಮತ್ತ ಇದು ದೂರಿಂದ ಹಿಡಿಯಾಂಗಿಲ್ಲ. ಹಕ್ಕಿ ಭಾಳ ಹತ್ರ ಬರಬೇಕು."

"ತಿರುವೂದು ಮರತರ?"

"ನೀ ಮರೀತಿ ಏನು? ನೀ ಭಾಳ ಶ್ಯಾಣ್ಯಾ."

ಶ್ರಾವಣದ ಒಂದು ಭಾನುವಾರ ಮೊದಲನೆಯ ಬಸ್ಸಿಗೆ ಹೊರಟೆವು. ಕಾಕಾ ಒಗೆದ ಧೋತರ ಉಟ್ಟು, ಹೆಗಲಿಗೆ ಬುತ್ತಿಯ ಚೀಲ ಹಾಕಿಕೊಂಡು, ಮದುವೆಗೆ ಹೆಣ್ಣು ನೋಡಲು ಹೊರಟವರಂತೆ ಇದ್ದರು. ಅದೆಷ್ಟೋ ದಿನಗಳ ಮೇಲೆ ಅವರ ಮುಖದಲ್ಲಿ ನಗು ಕಂಡಿತ್ತು.

ಬಸ್ಸಿಳಿದ ಕೂಡಲೇ ನಾನು ರಸ್ತೆ ಪಕ್ಕದ ಮೈಲಿಗಲ್ಲಿನ ಫೋಟೋ ತೆಗೆದೆ.

"ಕಲ್ಲಿಂದ್ಯಾಕೊ ಚನ್ನೂ?"

"ಕಾಕಾ, ನಾಳೆ ಎದುರಿನವರು ಏನು ಕೇಳ್ತಾರ? ಈ ಹಕ್ಕಿ ಎಲ್ಲಿದು? ರಾಣೆಬೆನ್ನೂರಿಂದೋ ಏನೋ? ಅವರು ಕೇಳೂಕಿಂತ ಮೊದಲ ನಾವು ಉತ್ತರ ಕೊಟ್ಟಿರಬೇಕು."

ಇದು ಚರ್ಚಾಸ್ಪರ್ಧೆಯ ಮೊದಲ ಪಾಠ. ಎದುರಾಳಿ ಬಾಯಿ ತೆರೆಯುವ ಮುನ್ನವೇ ಅವನ ಪ್ರಶ್ನೆ ಕಿತ್ತುಕೊಳ್ಳಬೇಕು. ಮಡ್ಡಿಯಲ್ಲಿ ಎದುರಾಳಿ ಇರಲಿಲ್ಲ. ಆದರೆ ನನ್ನ ತಲೆಯೊಳಗೆ ಒಬ್ಬ ಸದಾ ಕೂತಿರುತ್ತಿದ್ದ. ನನ್ನಂಥವನೇ. ಬಹಳ ಹಟಮಾರಿ.

ಅವನ ಸಲುವಾಗಿ ಹಲಗೆಯ ಫೋಟೋ ತೆಗೆದೆ. ಹಲಗೆಯ ಜೊತೆ ಕಾಕಾನದು. ಫೋಟೋ ತೆಗೆದವನು ಸ್ವತಃ ಸ್ಥಳದಲ್ಲಿದ್ದ ಎಂಬುದಕ್ಕೆ ಹಲಗೆಯ ಜೊತೆ ನನ್ನದು. ಅದನ್ನು ಕಾಕಾ ತೆಗೆದರು. ಆಮೇಲೆ, ಇದು ಯಾವತ್ತಿನದು ಎಂದು ಅವನು ಕೇಳಿದ. ಅದಕ್ಕೂ ತಯಾರಿದ್ದೆ. ಅಂದಿನ ಪೇಪರನ್ನು ಬೇಲಿಯ ಮುಳ್ಳಿಗೆ ಚುಚ್ಚಿ ಹೊಡೆದೆ. ಅದೇ ಹೊತ್ತಿಗೆ ಗಾಳಿ ಬೀಸಿ ತಾರೀಖಿನ ಮೂಲೆ ಮಡಚಿತು. ಕಾಕಾನ ಕೈಗೆ ಪೇಪರು ಕೊಟ್ಟು ಇನ್ನೊಂದು ಹೊಡೆದೆ.

"ಆರು ಆದವು," ಎಂದರು ಕಾಕಾ ಮೆಲ್ಲಗೆ. ಮಾಸ್ತರ ಅಲ್ಲವೇ, ಮನಸ್ಸಿನಲ್ಲೇ ಹಾಜರಿ ಹಿಡಿಯುತ್ತಿದ್ದರು. "ಹಕ್ಕಿಗೂ ಒಂದೆರಡ ಇಡಪಾ."

"ಹಕ್ಕಿಗೆ ಒಂದ ಸಾಕ್ರಿ ಕಾಕಾ. ಹಕ್ಕಿ ಐತಿ ಅಂತ ತೋರಸಾಕ ಎಷ್ಟ ಹಕ್ಕಿ ಬೇಕು? ಒಂದ. ಅದು ಇಲ್ಲೇ ಐತಿ ಅಂತ ತೋರಸಾಕ ಹನ್ನೊಂದು ಬೇಕು."

ಕಾಕಾ ತಲೆಯಾಡಿಸಿದರು. ನನ್ನ ಮಾತಿನಲ್ಲಿ ತಪ್ಪು ಹುಡುಕಲು ಅವರಿಗೆ ಆಗಲಿಲ್ಲ. ನನಗೂ ಆಗಿರಲಿಲ್ಲ. ಈಗಲೂ ಕಷ್ಟ.

ಬೇಲಿ ದಾಟಿ ಒಳಗೆ ಹೋದೆವು. ದಾಟಿ ಎಂಬುದು ದೊಡ್ಡ ಮಾತು. ಬೇಲಿ ಎಷ್ಟೋ ಕಡೆ ಬಿದ್ದಿತ್ತು. ಹಸಿ ನೆಲದಲ್ಲಿ ಮೂರು ಬೆರಳಿನ ದೊಡ್ಡ ಹೆಜ್ಜೆ ಮೂಡಿತ್ತು. ಕಾಕಾ ಬಗ್ಗಿ ಅದರ ಪಕ್ಕ ತಮ್ಮ ಪೆನ್ನು ಇಟ್ಟರು, ಅಳತೆಗೆ. ಅದನ್ನು ಹೊಡೆದೆ. ಸ್ವಲ್ಪ ಮುಂದೆ ಕಂದು ಗರಿ ಸಿಕ್ಕಿತು. ಅದನ್ನೂ ಹೊಡೆದೆ. ಇದು ನವಿಲಿನದು ಎನ್ನಬಹುದಲ್ಲ ಎಂದು ತಲೆಯೊಳಗಿನವನು ಕೂಡಲೇ ಎದ್ದು ನಿಂತ.

"ಇನ್ನೊಬ್ಬ ಸಾಕ್ಷಿ ಬೇಕು ಕಾಕಾ. ನೀವು ಅರ್ಜಿದಾರರು. ನಾನು ನಿಮ್ಮ ಅಣ್ಣನ ಮಗ. ನಮ್ಮಿಬ್ಬರ ಮಾತು ಲೆಕ್ಕಕ್ಕ ಬರೂದಿಲ್ಲ."

ಸಾಕ್ಷಿ ಕುರಿ ಕಾಯುತ್ತ ನಿಂತಿದ್ದ. ಮಾಳಪ್ಪ, ಪಕ್ಕದ ಹಳ್ಳಿಯ ಕುರುಬರವನು, ಕಾಕಾನ ಹಳೆಯ ಪರಿಚಯ. ನಾಲ್ಕು ಮಾತಿನಲ್ಲಿ ವಿಷಯ ಹೇಳಿದೆ.

"ಎರಿಭೂತೇನ್ರಿ? ಬರ್ತೈತಿ," ಎಂದ ಅವನು, ಎಮ್ಮೆ ಕೆರೆಗೆ ಬರುತ್ತದೆ ಎಂಬಷ್ಟು ಸಲೀಸಾಗಿ. "ಹೊತ್ತ ಮುಣಗೂ ಮುಂದ, ನನ್ನ ಕುರಿ ಜೋಡಿ ತಾನೂ ಮೇಯತೈತಿ. ಮನಷ್ಯಾರ ಕಂಡ್ರ ಅಂಜತೈತಿ. ಕುರಿಗೆ ಅಂಜೂದಿಲ್ಲ."

"ಹಂಗಂತ ನಿಮ್ಮ ದೇವರು ಬೀರಪ್ಪನ ಮ್ಯಾಲ ಆಣಿ ಮಾಡಿ ಸಾಹೇಬ್ರ ಮುಂದ ಹೇಳ್ತೀಯೇನು?"

"ಹೇಳ್ತೇನ್ರಿ. ನಂದೊಂದು ಫೋಟೋ ತಗೀರಿ."

ತೆಗೆದೆ. ಆಮೇಲೆ ಅವನು ತನ್ನ ಟಗರನ್ನು ಕೋಡು ಹಿಡಿದು ಎಳೆದು ತಂದ.

"ಇದರದೊಂದು."

"ಇದ್ಯಾಕೊ?"

"ನನಗ ಆಣಿ ಮಾಡ ಅಂತೀರಿ. ನಾ ಒಬ್ಬನ ಬರ್ಲೇನು? ದೇವರಿಗೆ ಬಿಟ್ಟ ಟಗರ್ರಿ ಇದು. ಇದನ್ನ ಬಿಟ್ಟು ನಾ ಎಲ್ಲೂ ಆಣಿ ಮಾಡಾಂಗಿಲ್ಲ."

ವಾದಿಸಿದೆ. ಸೋತೆ. ನನ್ನ ಜೀವನದ ಮೊದಲ ಸೋಲು ಟಗರಿನ ಪಕ್ಷದಿಂದ ಬಂತು. ಟಗರು ಬಹಳ ಗಂಭೀರವಾಗಿ ನಿಂತಿತು. ಹತ್ತು ಆದವು. ಬುತ್ತಿ ಬಿಚ್ಚಿ ರೊಟ್ಟಿ, ಶೇಂಗಾ ಚಟ್ನಿ ತಿಂದೆವು. ಏಳುವಾಗ ಕ್ಯಾಮೆರಾ ಮೊಣಕಾಲಿಗೆ ತಾಗಿ ಚಟ್ ಎಂದಿತು. ನನ್ನ ಎಡಗಾಲಿನ ಚಪ್ಪಲಿ, ಹನ್ನೊಂದು.

ಈಗ ಕೆಂಪು ಕಿಂಡಿಯಲ್ಲಿ ಹನ್ನೆರಡು ಬಂದು ಕೂತಿತು. ಮೂವರೂ ಕುರಿಗಳ ನಡುವೆ, ಮಾಳಪ್ಪನ ಕಂಬಳಿಯ ಮರೆಗೆ ಕಾಯುತ್ತ ಕೂತೆವು. ಒಂದು ತಾಸಾಯಿತು. ಎರಡು ತಾಸಾಯಿತು. ಕಾಕಾ ಮಾತಾಡುವುದೂ ಇಲ್ಲ, ಅಲ್ಲಾಡುವುದೂ ಇಲ್ಲ. ಎರಡು ತಾಸು ಬಾಯಿ ಮುಚ್ಚಿ ಕೂತ ಅನುಭವ ನನಗೆ ಹೊಸದು. ಹೊತ್ತು ಇಳಿಯತೊಡಗಿತ್ತು. ಆಗ ಎದುರಿನ ಹುಲ್ಲಿನಲ್ಲಿ ನನಗೆ ಕಂಡಿತು.

"ಕಾಕಾ, ಅಲ್ಲಿ."

ಕಾಕಾ ಕನ್ನಡಕ ಏರಿಸಿ ನೋಡಿದರು. "ಅದಲ್ಲ."

"ಮೈ ಕಂದು ಐತೋ ಇಲ್ಲೋ?"

"ಐತಿ."

"ಮ್ಯಾಲ ಬೆಳ್ಳಗ ಐತೋ ಇಲ್ಲೋ?"

"ಐತಿ. ಆದ್ರ ಎರಿಭೂತದ ನೆತ್ತಿ ಕರೇದು."

"ಇಳಿಬಿಸಲಿಗೆ ಕರೇದು ಮಿಂಚಿ ಬೆಳ್ಳಗ ಕಾಣತೈತಿ. ಅಲ್ಲಾಡವಲ್ಲದು ಯಾಕ? ಅಂಜಿದ್ರ ಕುಂತಲ್ಲೇ ಕುಂದರತೈತಿ ಅಂತ ನೀವ ಹೇಳಿದ್ರಿ, ಹೌದಲ್ಲೋ?"

ಮಾಳಪ್ಪ ಏನೋ ಹೇಳಲು ಬಾಯಿ ತೆರೆದ. ನಾನು ಕೈ ಎತ್ತಿ ತಡೆದೆ. ನನ್ನ ಸಮಯ ಇನ್ನೂ ಮುಗಿದಿರಲಿಲ್ಲ.

"ಹೇಳಿದ್ದು ಖರೆ," ಎಂದರು ಕಾಕಾ. ಪ್ರಾಮಾಣಿಕರ ದೊಡ್ಡ ದೌರ್ಬಲ್ಯವೇ ಇದು, ಹೇಳಿದ್ದನ್ನು ಒಪ್ಪಿಕೊಳ್ಳುತ್ತಾರೆ. "ಆದ್ರೂ ಅದು..."

ಹೊಡೆದೆ.

ಹಕ್ಕಿ ಎದ್ದು ನಿಂತಿತು. ನೀರಿನ ಚರಿಗೆ ಕೈಗೆತ್ತಿಕೊಂಡಿತು. ಹೊದ್ದ ಕಂಬಳಿ ಸರಿಮಾಡಿಕೊಂಡು, ಬಿಳಿ ರುಮಾಲು ಬಿಗಿದುಕೊಂಡು, ಬೀಡಿ ಹಚ್ಚಿ, ಊರ ಕಡೆ ನಡೆಯಿತು.

"ನಮ್ಮ ಸ್ವಾದರಮಾವ್ರಿ," ಎಂದ ಮಾಳಪ್ಪ. "ಹೇಳಬೇಕಂದೆ. ನೀವು ಹೇಳಗೊಡಲಿಲ್ಲ."

ನಾನು ಕಾಕಾನ ಮುಖ ನೋಡಲಿಲ್ಲ. ಅವರು ಬೈದಿದ್ದರೆ ಉತ್ತರ ಕೊಡಬಹುದಿತ್ತು. ಇಳಕಲ್ಲಿಗೆ ಓಡಿ ಹೋಗಿ ಇನ್ನೊಂದು ರೋಲು ತರುತ್ತೇನೆ ಎಂದು ಎದ್ದೆ. ಕಾಕಾ ನನ್ನ ಅಂಗಿ ಹಿಡಿದು ಜಗ್ಗಿದರು.

"ಕುಂಡ್ರು."

"ಕಾಕಾ, ಇನ್ನೂ ಬೆಳಕ..."

"ಕುಂಡ್ರೊ. ನೋಡು."

ಕುರಿಗಳ ಹಿಂದಿನಿಂದ ಅದು ನಡೆದು ಬರುತ್ತಿತ್ತು.

ನಾನು ಏನು ಹೇಳಲಿ? ಹದಿನೈದು ಹೆಜ್ಜೆ ದೂರದಲ್ಲಿ, ಹೊಲ ನೋಡಲು ಬಂದ ಗೌಡನ ಹಾಗೆ, ಒಂದೊಂದೇ ಕಾಲು ಎತ್ತಿಟ್ಟು ಬರುತ್ತಿತ್ತು. ಕಾಕಾ ಹೇಳಿದ ಹಾಗೆಯೇ ಸೊಂಟದ ಎತ್ತರ, ನೆತ್ತಿ ಕರಿ. ಒಂದು ದಿಬ್ಬದ ಮೇಲೆ ನಿಂತಿತು. ಕುತ್ತಿಗೆಯ ಬಿಳಿ ಚೀಲವನ್ನು ಉಬ್ಬಿಸಿ ನೆಲದವರೆಗೆ ಇಳಿಬಿಟ್ಟಿತು. ಬಾಲ ಬೆನ್ನ ಮೇಲೆ ಮಡಚಿತು. ಆಮೇಲೆ ಒಂದು ದನಿ. ಆಳ ಬಾವಿಯಲ್ಲಿ ಕೊಡ ಮುಳುಗಿದಂಥದು. ಕಿವಿಗಿಂತ ಮೊದಲು ಎದೆಗೆ ಕೇಳಿಸಿತು.

ಕಾಕಾನ ಕಣ್ಣಲ್ಲಿ ನೀರಿತ್ತು. "ಒಂದ ಉಳದೈತಿ," ಎಂದು ಪಿಸುಗುಟ್ಟಿದರು. "ಮದಲ ನಾಕ ಇದ್ದವು. ಈಗ ಇದೊಂದ. ಯಾರನ್ನ ಕರೀತೈತೋ ಏನೋ, ಬರಾಕ ಯಾರೂ ಇಲ್ಲ."

ಅದು ಕೂಗುತ್ತಲೇ ಇತ್ತು. ಅರ್ಧ ತಾಸು. ಒಬ್ಬ ಫೋಟೋಗ್ರಾಫರನಿಗೆ ಜನ್ಮದಲ್ಲಿ ಒಮ್ಮೆ ಸಿಗಬಹುದಾದ ಅರ್ಧ ತಾಸು. ನನ್ನ ಡಬ್ಬಿಯಲ್ಲಿ ಮೈಲಿಗಲ್ಲು, ಹಲಗೆ, ಪೇಪರು, ಪೆನ್ನು, ಗರಿ, ಮಾಳಪ್ಪ, ಟಗರು, ಚಪ್ಪಲಿ ಮತ್ತು ಮಾಳಪ್ಪನ ಸೋದರಮಾವ ತುಂಬಿ ಕೂತಿದ್ದರು. ಸಂಕಟಕ್ಕೆ, ಏನಾದರೂ ಬಂದೀತೆಂಬ ಆಸೆ ಇಲ್ಲದೆಯೇ, ಹಕ್ಕಿಯ ಕಡೆ ಹಿಡಿದು ಇನ್ನೊಮ್ಮೆ ಗುಂಡಿ ಒತ್ತಿಬಿಟ್ಟೆ. ಚಟ್ ಎಂದಿತು.

ಮೂರನೆಯ ದಿನ ಸ್ಟುಡಿಯೋದವನು ಪ್ರಿಂಟುಗಳನ್ನು ಮೇಜಿನ ಮೇಲೆ ಇಟ್ಟ. ಹನ್ನೆರಡನೆಯದನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡಿದ್ದ.

"ಕಿವಿ ತಿರುವದ ಎರಡ ಸಲ ಹೊಡದಿ. ಒಂದರ ಮ್ಯಾಲ ಒಂದು ಕುಂತಾವ."

ಹಕ್ಕಿ ಬಂದಿತ್ತು. ನಿಜವಾಗಿ ಬಂದಿತ್ತು. ಕುತ್ತಿಗೆ, ಚೀಲ, ಮಡಚಿದ ಬಾಲ, ಎಲ್ಲ. ಆದರೆ ಹೊಗೆಯಲ್ಲಿ ಬರೆದ ಹಾಗೆ. ಅದು ಸೋದರಮಾವನ ರುಮಾಲಿನ ಮೇಲೆ ನಿಂತಿತ್ತು. ಹಕ್ಕಿಯ ಕಾಲುಗಳ ನಡುವಿನಿಂದ ಚರಿಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಬೇರೆ ರೋಲು ಹಾಕಿಕೊಂಡು ಆ ತಿಂಗಳಲ್ಲಿ ಐದು ಸಲ ಹೋದೆವು. ಹಕ್ಕಿ ಮತ್ತೆ ಕಾಣಲಿಲ್ಲ. ದೀಪಾವಳಿ ಹತ್ತಿರ ಬಂತು. ಇದ್ದುದನ್ನೇ ತೆಗೆದುಕೊಂಡು ಕಾಕಾ ಮತ್ತು ನಾನು ಸಾಹೇಬರ ಮುಂದೆ ಹೋಗಿ ನಿಂತೆವು. ಸಾಹೇಬರು ಮೈಸೂರು ಕಡೆಯವರು, ಕೆಟ್ಟವರಲ್ಲ. ಕಾಕಾನನ್ನು ಕುರ್ಚಿ ಕೊಟ್ಟು ಕೂರಿಸಿದರು. ಒಂದೊಂದೇ ಫೋಟೋ ನೋಡಿದರು.

"ಇವರ್ಯಾರು? ತಲೆನೇ ಇಲ್ವಲ್ಲ."

"ನಾನು, ಸರ್."

ಅವರು ಮುಂದೆ ಹೋದರು. ಟಗರಿನ ಫೋಟೋ ಬಂದಾಗ ನಿಂತರು. ಹನ್ನೆರಡರಲ್ಲಿ ಅದೊಂದೇ ಕನ್ನಡಿಯಷ್ಟು ನಿಚ್ಚಳವಾಗಿತ್ತು. ಹಿಂದೆ ಬಿದ್ದ ಬೇಲಿ, ಅದರಾಚೆ ಹಲಗೆ, ಸುತ್ತಲೂ ಕುರಿ.

"ಇದು ಬೇಲಿ ಒಳಗೇ ತಾನೆ?"

"ಹೌದು ಸರ್," ಎಂದೆ ಹೆಮ್ಮೆಯಿಂದ. "ಹಲಗೆ ಕಾಣುತ್ತದಲ್ಲ."

"ಹಾಗಾದ್ರೆ ಕಾಯ್ದಿರಿಸಿದ ಜಾಗದಲ್ಲಿ ಕುರಿ ಮೇಯ್ತಾ ಇದೆ. ಅರ್ಜಿ ಹಾಕಿದವರೂ ಅದನ್ನೇ ಬರೆದಿದ್ದರು. ಆಧಾರ ಕೊಟ್ಟಿರಲಿಲ್ಲ."

ಆ ಫೋಟೋವನ್ನು ಮಾತ್ರ ತೆಗೆದು ಅವರು ಫೈಲಿನಲ್ಲಿ ಇಟ್ಟುಕೊಂಡರು. ಹನ್ನೆರಡನೆಯದನ್ನು ನೋಡಿ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು.

"ಮಾಸ್ತರೇ, ಇದನ್ನ ವಾಪಸ್ಸು ತಗೊಂಡ್ಹೋಗಿ. ಮೇಲೆ ಕಳಿಸಿದ್ರೆ ಎರಡು ಫೋಟೋ ಅಂಟಿಸಿ ಮೋಸ ಮಾಡಿದ್ದಾರೆ ಅಂತಾರೆ. ಈ ವಯಸ್ಸಿನಲ್ಲಿ ನಿಮಗೆ ಆ ಹೆಸರು ಬೇಡ."

"ಸರ್, ನಾನು ಕಣ್ಣಾರೆ ನೋಡಿದ್ದೇನೆ," ಎಂದೆ. ಮೂರು ವರ್ಷದಲ್ಲಿ ನಾನು ಆಡಿದ ಅತ್ಯಂತ ದುರ್ಬಲ ವಾದ ಅದು. ಖರೆ ಇದ್ದದ್ದೂ ಅದೊಂದೇ.

ಸಾಹೇಬರು ನನ್ನನ್ನು ಗುರುತು ಹಿಡಿದಿದ್ದರು ಅಂತ ಕಾಣುತ್ತದೆ. ನನ್ನ ಮುಖ ನೋಡಿ ಫೈಲು ಮುಚ್ಚಿದರು. ಮಾಳಪ್ಪನನ್ನು ಕರೆಸುವ ಮಾತನ್ನು ನಾನೇ ನುಂಗಿದೆ. ಸಾಕ್ಷಿಗೆ ಬಂದವನು ಆರೋಪಿಯಾಗಿ ಹೋಗುತ್ತಿದ್ದ, ಟಗರಿನ ಸಮೇತ.

ಬಸ್ ಸ್ಟ್ಯಾಂಡಿನವರೆಗೆ ಇಬ್ಬರೂ ನಡೆದೆವು. ಅಲ್ಲಿ ಕಟ್ಟೆಯ ಮೇಲೆ ಕೂತು ಕಾಕಾ ಆ ಹನ್ನೆರಡನೆಯ ಫೋಟೋ ಹೊರತೆಗೆದು, ಕನ್ನಡಕ ಒರೆಸಿಕೊಂಡು ನೋಡಿದರು. ಸೋದರಮಾವನ ಮೇಲೆ ಹೆಬ್ಬೆರಳು ಇಟ್ಟು ಮುಚ್ಚಿ, ಮತ್ತೆ ನೋಡಿದರು.

"ನಿನಗ ಆ ದನಿ ಕೇಳಿಸ್ತಲ್ಲ?"

"ಕೇಳಿಸ್ತು ಕಾಕಾ."

"ಹಂ," ಎಂದರು. ಆಧಾರ ಕೇಳಲಿಲ್ಲ.

ದೀಪಾವಳಿ ಆದ ಮೇಲೆ ಹಲಗೆ ಕಿತ್ತರು. ಕಿತ್ತವರು ಒಳ್ಳೆಯ ಜನ, ಬಣ್ಣ ಹಚ್ಚಿದ ಮಾಸ್ತರರಿಗೇ ಇರಲಿ ಎಂದು ತಂದು ಮನೆ ಮುಂದೆ ಇಟ್ಟು ಹೋದರು. ಕಾಕು ಅದನ್ನು ಬಚ್ಚಲಿಗೆ ಮರೆ ಮಾಡಿದಳು. ಈಗ ನೀರು ಹಾಕಿಕೊಳ್ಳುವಾಗಲೆಲ್ಲ ಕಣ್ಣೆದುರು ಒಂದೂ ತಪ್ಪಿಲ್ಲದ ಕನ್ನಡ ಇರುತ್ತದೆ. ಬೇಸಿಗೆಯಲ್ಲಿ ಮಡ್ಡಿಗೆ ಲಾರಿ ಬಂದವು.

ಈ ವರ್ಷ ಶ್ರಾವಣದಲ್ಲಿ ಕಾಕಾ ಬಾ ಎಂದರು. ಕ್ಯಾಮೆರಾ ಹಿಡಿದು ಹೋದೆ. ದಿಬ್ಬ ಇದ್ದಲ್ಲಿ ಕೆಂಪು ಹೊಂಡ ಇತ್ತು. ಅದರ ದಂಡೆಯ ಮೇಲೆ ಹೊತ್ತು ಮುಳುಗುವವರೆಗೆ ಕೂತೆವು. ಈಗ ಬರುತ್ತದೆ ನನಗೆ, ಸುಮ್ಮನೆ ಕೂರುವುದು. ಹಕ್ಕಿ ಬರಲಿಲ್ಲ. ಎದ್ದು ಧೋತರ ಝಾಡಿಸಿಕೊಳ್ಳುತ್ತ ಕಾಕಾ ಅಂದರು, "ಒಂದು ಹೊಡಿ."

"ಏನ ಹೊಡೀಲಿ ಕಾಕಾ?"

"ಇಲ್ಲಿ ಹಕ್ಕಿ ಇಲ್ಲಲ್ಲ, ಆ ಇಲ್ಲದ್ದನ್ನ ಹೊಡಿ."

ಒಂದೇ ಹೊಡೆದೆ. ಕೈ ಅಲ್ಲಾಡಲಿಲ್ಲ, ಕಿವಿ ತಿರುವುವುದನ್ನು ಮರೆಯಲಿಲ್ಲ, ನಡುವೆ ಯಾರ ಸೋದರಮಾವನೂ ಕೂರಲಿಲ್ಲ. ಬಹಳ ಚೆನ್ನಾಗಿ ಬಂದಿದೆ. ಅಲ್ಲಿ ಹಕ್ಕಿ ಇಲ್ಲವೆಂದು, ಯಾರಿಗೆ ತೋರಿಸಿದರೂ, ಮರುಮಾತಿಲ್ಲದೆ ಒಪ್ಪುತ್ತಾರೆ.